ನೀಲಿ ನಾಲಿಗೆಯ ಬಾಯಿ

ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಗೆ ನಾನು ಹೊಸದಾಗಿ ಹಾಜರಾದ ದಿನ ಶಿಕ್ಷಕಿಯರ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಎತ್ತರದ ಆಳು, ಇಳಕಲ್ ಸೀರೆ, ಎರಡೂ ಕೈ ಸೆರಗಿನೊಳಗೆ. ನಾನು ನಮಸ್ಕಾರ ಎಂದೆ. ಅವರು ಬಾಯಿ ತುಂಬ ನಕ್ಕರು. ನಾಲಿಗೆ, ಒಸಡು, ತುಟಿಯ ಒಳಬದಿ ಎಲ್ಲವೂ ಕಡುನೇರಳೆ. ಆಗ ನಡು ಚಳಿಗಾಲ. "ನೇರಳೆಹಣ್ಣು ಈಗ ಎಲ್ಲಿ ಸಿಕ್ಕವ್ರಿ?" ಎಂದು ತಡೆಯಲಾರದೆ ಕೇಳಿಬಿಟ್ಟೆ.

"ನಮ್ಮ ಮನ್ಯಾಗ ಬಾರಾ ಮಹಿನಾ ಬಿಡ್ತಾವ್ರಿ. ನಿಮಗೂ ಒಂದ ಬೊಗಸಿ ತರ್ಲೇನು?"

ತರ್ರಿ ಎಂದೆ. ಮರುದಿನ ಅವರು ನನ್ನ ಮುಂದೆ ಒಂದು ಪುಟ್ಟ ಸೀಸೆ ಇಟ್ಟರು. ದವಾಖಾನೆಯಲ್ಲಿ ಬಾಯಿಹುಣ್ಣಿಗೆ ಹಚ್ಚುವ ನೀಲಿ ಔಷಧ. "ಇದ ನೋಡ್ರಿ ನಮ್ಮ ಗಿಡದ ಹಣ್ಣು. ಒಂದ ಹನಿ ನಾಲಿಗಿ ಮ್ಯಾಲ ಇಟ್ಕೊಳ್ರಿ, ಹೊಸ ಬಾಯಿಗೆ ಮುಹೂರ್ತ ಆಗ್ತದ." ನಾನು ಹಿಂದೆ ಸರಿದ ರೀತಿಗೆ ಅವರು ಇಡೀ ದಿನ ನಗುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನಲ್ಲಿ ಹೆಚ್ಚು ಮಂದಿಗೆ ಗುರುತು ಹತ್ತಲಿಕ್ಕಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಬಾಯಿ ಎನ್ನುವುದು ರೂಢಿ. ಅಲ್ಲಿ ನಾವೆಲ್ಲರೂ ಬಾಯಿಗಳೇ. ಹೆಡ್‌ಮಿಸ್ಟ್ರೆಸ್ ದೊಡ್ಡಬಾಯಿ, ಆದರೆ ಪಾಪ, ಅವರ ದನಿ ಎರಡನೇ ಸಾಲಿಗೂ ಮುಟ್ಟುತ್ತಿರಲಿಲ್ಲ. ಬರೀ 'ಬಾಯಿ' ಎಂದರೆ ಇವರು ಮಾತ್ರ. "ರೋಗನೂ ಬಾಯಿದು, ನೌಕರಿನೂ ಬಾಯಿದು, ಹೆಸರೂ ಬಾಯಿ. ದೇವರು ನನ್ನ ಮಾಡುವಾಗ ಉಳದದ್ದೆಲ್ಲಾ ಮರತು ಬಿಟ್ಟಾನ" ಎನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ಹುಮನಾಬಾದಿನಲ್ಲಿ ಅವರು ನ್ಯುಮೋನಿಯಾ ಆಗಿ ತೀರಿಕೊಂಡರೆಂದು ಕೇಳಿದಾಗ ಮೊದಲು ನೆನಪಾದದ್ದು ಈ ಮಾತು. ಅಳುವ ಹೊತ್ತಿನಲ್ಲಿ ನಗು ಬಂತು. ಸುದ್ದಿ ತಂದವರು ನನ್ನನ್ನು ಒಂಥರಾ ನೋಡಿದರು.

ಅವರದು ನಿರ್ಣಾ ಎಂಬ ಹಳ್ಳಿಯ ಕುರಿ ಕಾಯುವ ಮನೆತನ. ಹುಟ್ಟಿದ ಕೆಲವು ತಿಂಗಳಿಗೇ ಬಾಯೊಳಗೆ ಬಿಳಿಯ ಪದರ ಕಟ್ಟಿತಂತೆ. ಎಳೆಗೂಸುಗಳಿಗೆ ಅದು ಬರುವುದುಂಟು, ತಾನಾಗಿ ಹೋಗುವುದೂ ಉಂಟು. ಇವರಿಗೆ ಬಂದದ್ದು ಹೋಗಲೇ ಇಲ್ಲ. ಔಷಧ ಹಚ್ಚಿದರೆ ಕಡಿಮೆ, ಬಿಟ್ಟರೆ ಮತ್ತೆ ಹಾಜರು. ಮುಂದೆ ಅದೇ ಪೀಡೆ ಉಗುರುಗಳಿಗೂ ಇಳಿಯಿತು. ಉಗುರುಗಳು ದಪ್ಪಗಾಗಿ, ಹಳದಿಗಟ್ಟಿ, ಅಂಚಿನಲ್ಲಿ ಹಳೆಯ ಬೆಲ್ಲದ ಹಾಗೆ ಉದುರುತ್ತಿದ್ದವು. ಆ ಕೈ ಕರೆದ ಹಾಲನ್ನು ಯಾರೂ ಮುಟ್ಟಲೊಲ್ಲರು. ಉಣ್ಣೆ ಹಿಂಜಲು ಕೂರಿಸಿದರೆ ಎಳೆಗಳು ಉಗುರಿಗೆ ಸಿಕ್ಕಿಕೊಂಡು ಹುಡುಗಿ ಅಳುತ್ತಿತ್ತು. ಕೊನೆಗೆ ಅಪ್ಪ, "ಇಕಿ ಯಾವ ಕೆಲಸಕ್ಕೂ ಬರಂಗಿಲ್ಲ, ಸಾಲಿಗ್ಯರೆ ಹೋಗ್ಲಿ" ಎಂದು ಕಳಿಸಿದರು. ಆಗಿನ್ನೂ ನಿಜಾಮರ ಆಡಳಿತ, ಕಲಿತದ್ದು ಉರ್ದುವಿನಲ್ಲಿ. ರಾಜ್ಯ ಒಂದಾದ ಮೇಲೆ ಹಟ ಹಿಡಿದು ಕನ್ನಡ ಕಲಿತು ಕನ್ನಡ ಶಾಲೆಯ ಬಾಯಿಯಾದರು. ಲೆಕ್ಕವನ್ನು ಮಾತ್ರ ಕೊನೆಯವರೆಗೂ ಉರ್ದುವಿನಲ್ಲೇ ಕೂಡಿ, ಉತ್ತರವನ್ನಷ್ಟೇ ಕನ್ನಡಕ್ಕೆ ದಾಟಿಸುತ್ತಿದ್ದರು.

"ನನ್ನ ಉಗುರು ಛಂದ ಇದ್ದಿದ್ರ ಇವತ್ತು ನಿರ್ಣಾದಾಗ ಕುರಿ ಹಿಂದ ಹೋಗ್ತಿದ್ದೆ, ತಂಗಿ. ಈಗರೆ ಏನು? ಸಾಲಿಗೆ ಬರೋ ಮೋರಖಂಡಿ ಊರಿನ ಹುಡುಗ್ಯಾರ ಹಿಂದ ಹೋಗಾಕತ್ತೇನಿ. ಕುರಿ ಒಂದ ಸಲ ಹೇಳಿದ್ರ ಕೇಳ್ತಾವ."

ನಾಲಿಗೆ ಯಾಕೆ ನೀಲಿ ಎಂದು ಕೇಳಿದವರಿಗೆಲ್ಲ ಅವರ ಬಳಿ ಬೇರೆ ಬೇರೆ ಉತ್ತರ ತಯಾರಿರುತ್ತಿತ್ತು. ಬಸ್ಸಿನ ಕಂಡಕ್ಟರನಿಗೆ, ಪೆನ್ನಿನ ಶಾಯಿ ಕುಡಿದೆ ಎಂದರು. ತಪಾಸಣೆಗೆ ಬಂದ ಸಾಹೇಬರಿಗೆ, ಕನ್ನಡ ಹೊಸದಾಗಿ ಕಲಿತದ್ದರಿಂದ ನಾಲಿಗೆ ಹೊರಳಿ ಹೊರಳಿ ಕಂದಿದೆ ಎಂದರು. ಒಂದನೇ ಇಯತ್ತೆಯ ಮಕ್ಕಳಿಗೆ, "ಸುಳ್ಳ ಹೇಳಿದವರ ನಾಲಿಗಿ ಹಿಂಗ ನೀಲಿ ಆಗ್ತದ" ಎಂದು ಹೆದರಿಸಿದ್ದರು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಹಂಗಾರ ನೀವು ಭಾಳ ಸುಳ್ಳ ಹೇಳೀರಿ ಬಾಯಿ" ಎಂದಳು. ಅವರು ಆ ಹುಡುಗಿಯನ್ನು ಎತ್ತಿಕೊಂಡು ನಮ್ಮ ಕೋಣೆಗೇ ತಂದು, "ಇಡೀ ಸಾಲಿಯೊಳಗ ಶಾಣ್ಯಾಕಿ ಇಕಿ ಒಬ್ಬಾಕೇ" ಎಂದು ಎಲ್ಲರಿಗೂ ತೋರಿಸಿದರು.

ಅವರ ಮನೆ ಹುಮನಾಬಾದಿನ ಮಾಣಿಕನಗರದಲ್ಲಿ, ಬಾಡಿಗೆಯ ಒಂದು ಕೋಣೆ. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಬಸ್ಸು ಎಷ್ಟೇ ತುಂಬಿದರೂ ಇವರ ಪಕ್ಕದ ಸೀಟು ಖಾಲಿ. ಜನ ಕೈ ನೋಡುತ್ತಿದ್ದರು, ಬಾಯಿ ನೋಡುತ್ತಿದ್ದರು, ಮೆಲ್ಲಗೆ ಎದ್ದು ಕಂಬಿ ಹಿಡಿದು ನಿಲ್ಲುತ್ತಿದ್ದರು. ಇವರು ಅದನ್ನೇ ಸೌಲತ್ತು ಮಾಡಿಕೊಂಡಿದ್ದರು. ಒಳ್ಳೆಯ ಕಿಟಕಿ ಸೀಟು ಹಿಡಿದವರ ಪಕ್ಕ ಹೋಗಿ ಕೂತು, ಸೆರಗಿನಿಂದ ಎರಡೂ ಕೈ ಹೊರತೆಗೆದು ತೊಡೆಯ ಮೇಲೆ ಹರಡುವರು. ಸೀಟು ತೆರವಾದ ಮೇಲೆ, ನಿಂತಿದ್ದ ಬಸುರಿಯರನ್ನೋ ಮುದುಕಿಯರನ್ನೋ ಕೂಗುವರು: "ಬರ್ರಿ ಯವ್ವಾ, ಇಲ್ಲಿ ಕೂಡ್ರಿ. ನಿಮ್ಮ ಸಲುವಾಗಿ ನನ್ನ ಬ್ಯಾನಿ ಜಾಗ ಹಿಡದದ." ಕಾಲು ಸೋತವರು ಯಾರೂ ಉಗುರು ನೋಡುವುದಿಲ್ಲ ಎನ್ನುವುದು ಅವರ ಅನುಭವ.

ಮದುವೆಯ ಕಥೆಯನ್ನೂ ಅವರೇ ಹೇಳಿದ್ದು. ಗಂಡಿನವರು ನೋಡಲು ಬಂದಾಗ, ಬಾಯಿ ಬಿಡಬೇಡ, ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರೆ ಸಾಕು ಎಂದು ಮನೆಯವರ ತಾಕೀತು. ಹುಡುಗನ ಸೋದರತ್ತೆ, "ಹುಡುಗಿ ಮೂಕಿ ಅಲ್ಲ ಹೌದಲ್ಲೋ?" ಎಂದಳಂತೆ. ಇವರು ಎದ್ದು ನಿಂತು, ದೀಪ ಹಿಡಿದವರ ಹತ್ತಿರ ಸರಿದು, ನಾಲಿಗೆಯನ್ನು ಬುಡದವರೆಗೂ ಹೊರಚಾಚಿದರು. ಗಂಡಿನವರು ಚಪ್ಪಲಿ ಹುಡುಕಿಕೊಳ್ಳುವುದಕ್ಕೂ ತಡಮಾಡಲಿಲ್ಲ.

"ಅವರು ಬಿಟ್ಟು ಹೋದ ಬೇಸನ್ ಉಂಡಿ ನಾನೂ ನಮ್ಮಪ್ಪನೂ ಕೂತು ಖಾಲಿ ಮಾಡಿದ್ವಿ. ಅಪ್ಪ ನಕ್ಕೋತ ತಿಂದ." ಇಷ್ಟು ಹೇಳಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ಹುಡುಗ ಮಾತ್ರ ಬಾಗಲದಾಗ ನಿಂತು ಒಂದ ಸಲ ತಿರುಗಿ ನೋಡಿದ. ಯಾಕ ನೋಡಿದ್ನೋ ಏನೋ." ಆಮೇಲೆ ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಅವರ ರೋಗಕ್ಕೊಂದು ಅರ್ಥ ಸಿಕ್ಕಿದ್ದು ಟಿ.ಬಿ. ಸೂಜಿಯವರು ಶಾಲೆಗೆ ಬಂದಾಗ. ಮೊದಲು ತೋಳಿನ ಚರ್ಮದೊಳಗೆ ಒಂದು ಸಣ್ಣ ಪರೀಕ್ಷೆಯ ಸೂಜಿ ಹಾಕುವುದು, ಎರಡು ಮೂರು ದಿನ ಬಿಟ್ಟು ಬಂದು ಬಾವು ಎಷ್ಟಿದೆ ನೋಡುವುದು, ಆಮೇಲೆ ಬೇಕಾದವರಿಗೆ ಲಸಿಕೆ. ಸೂಜಿ ಕಂಡು ಹುಡುಗಿಯರು ಚೀರಿ ಕಾಂಪೌಂಡು ಹಾರತೊಡಗಿದರು. ಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮೊದಲ ನನಗ ಹಾಕ್ರಿ" ಎಂದು ತೋಳು ಚಾಚಿದರು. ಅವರ ಹಿಂದೆ ಉಳಿದವರೂ ಸಾಲಾಗಿ ನಿಂತರು. ತಂಡದ ಜೊತೆ ಹುಮನಾಬಾದಿನ ದವಾಖಾನೆಯ ಡಾಕ್ಟರೂ ಇದ್ದರು. ಇನ್ನೂ ಮೀಸೆ ಬಲಿಯದ ವಯಸ್ಸು. ಹೈದರಾಬಾದಿನಲ್ಲಿ ಓದು ಮುಗಿಸಿ ಆಗಷ್ಟೇ ಬಂದವರು.

ಫಲಿತ ನೋಡುವ ದಿನ ದೊಡ್ಡವರಾದ ನಮ್ಮೆಲ್ಲರ ತೋಳಿನಲ್ಲೂ ಹೆಚ್ಚೋ ಕಡಿಮೆಯೋ ಕೆಂಪು ಬಾವು. ಬಾಯಿಯ ತೋಳು ಮಾತ್ರ ಗೋಡೆಯ ಹಾಗೆ ಸಪಾಟು. ಸೂಜಿ ಚುಚ್ಚಿದ ಗುರುತೂ ಇಲ್ಲ. "ನೋಡ್ರಿ, ನನ್ನ ಚರ್ಮಕ್ಕ ನಾಚಿಕಿನೂ ಇಲ್ಲ" ಎಂದು ಅವರು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿಕೊಂಡು ಬಂದರು. ಡಾಕ್ಟರು ನಗಲಿಲ್ಲ.

"ಮನ್ಯಾಗ ಯಾರಿಗ್ಯರೆ ಕ್ಷಯ ಇತ್ತೇನ್ರಿ?"

"ನಮ್ಮಪ್ಪ ಅದರಾಗೇ ಹೋದ. ಆರೈಕಿ ಮಾಡಿದಾಕಿ ನಾನೇ. ಒಂದೇ ಖೋಲ್ಯಾಗ ಇದ್ವಿ."

ಹಾಗೆ ಕ್ಷಯದ ಮಗ್ಗುಲಲ್ಲಿ ಬದುಕಿದವರ ತೋಳು ಉಬ್ಬಬೇಕಿತ್ತು. ಮೈಗೆ ಆ ಶತ್ರುವಿನ ಪರಿಚಯ ಇರುತ್ತದೆ, ಸೂಜಿಯಲ್ಲಿ ಅದರ ವಾಸನೆ ಸಿಕ್ಕರೂ ಕಾದಾಟಕ್ಕೆ ಇಳಿಯುತ್ತದೆ. ಡಾಕ್ಟರು ಅವರ ನಾಲಿಗೆ ನೋಡಿದರು, ಉಗುರು ನೋಡಿದರು, ಎಂದಿನಿಂದ ಎಂದು ಕೇಳಿದರು. ಈ ಲಸಿಕೆ ನಿಮಗೆ ಬೇಡ ಎಂದು ಖಂಡಿತವಾಗಿ ಹೇಳಿ, ಹೈದರಾಬಾದಿನಲ್ಲಿದ್ದ ತಮ್ಮ ಪ್ರೊಫೆಸರಿಗೆ ತೋರಿಸಲು ಕಳಿಸಿದರು. ಜೊತೆಗೆ ಹೋದವಳು ನಾನು.

ಪ್ರೊಫೆಸರು ಅವರ ಮುಂದೋಳಿನಲ್ಲಿ ಸಾಲಾಗಿ ಬೇರೆ ಬೇರೆ ಸೂಜಿ ಹಾಕಿ ನಮ್ಮನ್ನು ಅಲ್ಲೇ ಉಳಿಸಿಕೊಂಡರು. ಬಾಯಿ ಆ ಬಿಡುವಿನಲ್ಲಿ ವಾರ್ಡಿನ ರೋಗಿಗಳನ್ನೆಲ್ಲ ಅಣ್ಣ ತಮ್ಮ ಅಕ್ಕ ತಂಗಿ ಮಾಡಿಕೊಂಡುಬಿಟ್ಟರು. ಕೊನೆಗೆ ನೋಡಿದರೆ ಒಂದು ಸೂಜಿಯ ಜಾಗವೂ ಉಬ್ಬಿರಲಿಲ್ಲ. ಪ್ರೊಫೆಸರು ನಮ್ಮನ್ನು ಕೂರಿಸಿ ವಿವರಿಸಿದರು. ರಕ್ತದಲ್ಲಿ ಬಿಳಿ ಕಣಗಳಿವೆ. ಅವುಗಳಲ್ಲಿ ಒಂದು ಜಾತಿಗೆ ಟಿ ಕಣ ಎನ್ನುತ್ತಾರೆ. ಹೊರಗಿನಿಂದ ಬಂದವರನ್ನು ಗುರುತು ಹಿಡಿದು ಉಳಿದವರನ್ನು ಎಬ್ಬಿಸುವುದು ಅವುಗಳ ಕೆಲಸ. ನಿಮ್ಮ ಮೈಯಲ್ಲಿ ಅವು ಇವೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರಲ್ಲೂ ನಿಮ್ಮ ಬಾಯೊಳಗೆ ಬಿಳಿ ಪದರ ಕಟ್ಟುವ ಈ ಬೂಷ್ಟನ್ನು ಅವು ಗುರುತಿಸುವುದೇ ಇಲ್ಲ. ಹುಟ್ಟಿನಿಂದ ಬಂದ ದೋಷ.

ಬಾಯಿ ಎಲ್ಲವನ್ನೂ ಗಮನವಿಟ್ಟು ಕೇಳಿದರು. "ಟೀ ಅಂದ್ರ ಚಹಾನೇನ್ರಿ ಸಾಹೇಬ್ರ?"

"ಅಲ್ಲಮ್ಮಾ. ಎದೆಗೂಡಿನ ಒಳಗೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಅದರ ಹೆಸರಿನ ಮೊದಲ ಅಕ್ಷರ."

"ಇಲ್ರಿ, ಚಹಾನೇ ಇರ್ಬೇಕು. ನನಗ ಈಗ ತಿಳೀತು. ನನ್ನ ರಕ್ತದಾಗ ಪೊಲೀಸರು ಅದಾರ, ಖರೇ. ಕಳ್ಳನ ಜೋಡಿ ಕೂತು ಚಹಾ ಕುಡ್ಯಾಕತ್ತಾರ."

ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆದರೆ ಬಾಯಿ ಮುಂದೆ ಕೇಳಿದ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. "ಇದು ನನ್ನಿಂದ ಮಕ್ಕಳಿಗೆ ಹತ್ತತದೇನ್ರಿ?" ಸೆರಗಿನೊಳಗೆ ಅವರ ಕೈಗಳು ಒಂದನ್ನೊಂದು ಹಿಂಡುತ್ತಿದ್ದವು. ಇಲ್ಲ, ಎಂದರು ಪ್ರೊಫೆಸರು. ಆ ಬೂಷ್ಟು ಬಹಳ ಮಂದಿಯ ಬಾಯಲ್ಲಿ ತಣ್ಣಗೆ ಇದ್ದೇ ಇರುತ್ತದೆ. ಡಾಕ್ಟರನಾದ ನನ್ನ ಬಾಯಲ್ಲೂ ಇರಬಹುದು. ನಮ್ಮ ಟಿ ಕಣಗಳು ಅದನ್ನು ತಲೆಯೆತ್ತಲು ಬಿಡುವುದಿಲ್ಲ, ಅಷ್ಟೇ. ಮರಳಿ ಬರುವ ದಾರಿಯುದ್ದಕ್ಕೂ ಬಾಯಿ ಕಿಟಕಿಯ ಹೊರಗೆ ಕೈ ಇಟ್ಟುಕೊಂಡು ಗಾಳಿಗೆ ಬೆರಳು ಬಿಚ್ಚಿ ಕೂತಿದ್ದರು. ಅವರ ಕೈಗಳನ್ನು ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು.

ಆದರೆ ಪ್ರೊಫೆಸರಿಗೆ ಗೊತ್ತಿದ್ದದ್ದು ಊರಿಗೆ ಗೊತ್ತಿರಬೇಕಲ್ಲ. ಬಟ್ಟೆಯಂಗಡಿಯ ಸೇಠಜಿಯ ಮಗಳು ನಮ್ಮ ಶಾಲೆಯಲ್ಲಿ ಓದುತ್ತಿದ್ದಳು. ಊರಿನಲ್ಲಿ ಅವರ ಮಾತು ನಡೆಯುತ್ತಿತ್ತು. ಒಂದು ದಿನ ಅವರು ಇನ್ನಷ್ಟು ಹಿರಿಯರನ್ನು ಕಟ್ಟಿಕೊಂಡು ಬಂದು, ಮಹಾರೋಗದ ಹೆಂಗಸಿನಿಂದ ಮಕ್ಕಳಿಗೆ ಪಾಠ ಹೇಳಿಸುವುದು ಬೇಡ, ಕೂಡಲೇ ತೆಗೆಯಿರಿ ಎಂದರು. ದೊಡ್ಡಬಾಯಿ ಹೆದರಿದರು. ನೀರಿನ ಕೊಡ ಮುಟ್ಟಬೇಡಿ ಎಂದು ಬಾಯಿಗೆ ಹೇಳಿದರು. ಮರುದಿನ, ತೀರ್ಮಾನ ಆಗುವವರೆಗೆ ವರ್ಗಕ್ಕೂ ಹೋಗಬೇಡಿ ಎಂದರು.

ಬಾಯಿ ನಮ್ಮ ಕೋಣೆಯಲ್ಲಿ ಎರಡೂ ಕೈ ಮೇಜಿನ ಮೇಲಿಟ್ಟು ಅವನ್ನೇ ನೋಡುತ್ತ ಕೂತರು. "ಸಾಲಿ ಬಿಟ್ರ ನಾ ಎಲ್ಲಿಗಿ ಹೋಗ್ಲಿ, ತಂಗಿ? ಅಣ್ಣನ ಮನ್ಯಾಗ ಇಟ್ಕೊಂಡಾರು. ನನ್ನ ತಾಟು ಮಾತ್ರ ಹೊರಗ ಇರ್ತದ." ಸ್ವಲ್ಪ ಹೊತ್ತಿಗೆ ಅವರೇ ಎದ್ದರು. ತೀರ್ಮಾನಕ್ಕೆಂದು ಹಿರಿಯರು ಮತ್ತೆ ಬಂದು ಕೂತಿದ್ದ ಕೋಣೆಗೆ ನೇರವಾಗಿ ಹೋದರು.

"ಡಾಕ್ಟರನ್ನ ಕರಸ್ರಿ. ಎಲ್ಲರ ಮುಂದ ನನ್ನ ನೋಡ್ಲಿ. ರೋಗ ಹತ್ತತದ ಅಂದ್ರ ನಾನೇ ಹೋಗ್ತೀನಿ. ಆದ್ರ ನಂದೊಂದ ಶರ್ತು. ನನ್ನ ಬಾಯಿ ನೋಡಿದ ಮ್ಯಾಲ ಇಲ್ಲಿ ಕೂತವರೆಲ್ಲರ ಬಾಯಿನೂ ನೋಡ್ಬೇಕು."

"ನಮ್ಮದ್ಯಾಕ?" ಎಂದರು ಸೇಠಜಿ.

"ಮಕ್ಕಳ ಸಲುವಾಗ್ರಿ. ನೀವೂ ಸಾಲಿಗೆ ಬರ್ತೀರಲ್ಲ."

ಹುಮನಾಬಾದಿನಿಂದ ಅದೇ ಎಳೆಯ ಡಾಕ್ಟರು ಬಂದರು. ಬಾಯಿಯನ್ನು ಪರೀಕ್ಷೆ ಮಾಡಿ, ಇದು ಮಹಾರೋಗವಲ್ಲ, ಯಾರಿಗೂ ಹತ್ತುವುದಿಲ್ಲ ಎಂದು ಬಿಡಿಸಿ ಹೇಳಿದರು. ಹಿರಿಯರು ನಂಬಿದಂತೆಯೂ ಇತ್ತು, ನಂಬದಂತೆಯೂ ಇತ್ತು. ಆಮೇಲೆ ಶರತ್ತಿನ ಪ್ರಕಾರ ಒಬ್ಬೊಬ್ಬರೇ ಬಾಯಿ ತೆರೆದರು. ಎಲೆ ಅಡಿಕೆಯ ಕರೆ, ಹುಳುಕು ಹಲ್ಲು, ತಂಬಾಕು. ಸೇಠಜಿಯ ಸರದಿ ಬಂದಾಗ ಡಾಕ್ಟರು ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು. ಸೇಠಜಿಗೆ ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟಿತ್ತು. ಅದನ್ನು ತೆಗೆಸಿದರು.

"ಅಂಗುಳ ಉರೀತದೇನ್ರಿ? ಚಹಾ ಕುಡುದ್ರ ಚುರು ಚುರು ಅಂತದೇನು?"

"ಹೂಂ... ಭಾಳ ತಕಲೀಫ್ ಅದ," ಎಂದರು ಸೇಠಜಿ ಬೊಚ್ಚುಬಾಯಲ್ಲಿ. "ಯಾಕ್ರಿ?"

"ಸೆಟ್ಟು ತೊಳೀದ ಹಂಗೇ ಹಾಕ್ಕೊಂಡು ಮಲಗ್ತೀರಿ. ಅದರ ಬುಡಕ ಬೂಷ್ಟು ಹಿಡದದ. ಬಾಯಿಯವರಿಗೆ ಇರೋದೂ ಇದೇ."

ಡಾಕ್ಟರು ಚೀಲದಿಂದ ನೀಲಿ ಔಷಧ ತೆಗೆದು, ಅರಳೆಯಿಂದ ಸೇಠಜಿಯ ಬಾಯೊಳಗೆಲ್ಲ ಬಳಿದರು. ವಾರದವರೆಗೆ ದಿನವೂ ಹಚ್ಚಿಕೊಳ್ಳಿ ಎಂದರು. ಬಾಯಿ ತಲೆ ತಗ್ಗಿಸಿ ಕೂತಿದ್ದರು. ಅವರ ಭುಜಗಳು ಕುಣಿಯುತ್ತಿದ್ದವು.

ಆ ವಾರ ಬಸವಕಲ್ಯಾಣದ ಬಜಾರಿಗೆ ಬಜಾರೇ ಸೇಠಜಿಯ ಅಂಗಡಿಯ ಮುಂದೆ ಹಾದುಹೋಯಿತು. ಬಾಯಿಯೂ ನನ್ನನ್ನು ಎಳೆದುಕೊಂಡು ಹೋದರು. ಗಂಭೀರವಾಗಿ ಕುಬಸದ ಖಣ ತೋರಿಸಲು ಹೇಳಿ, ಒಂದೊಂದನ್ನೂ ಮುಟ್ಟಿ, ಹಿಂದೆ ಸರಿಸಿ, ಕೊನೆಗೆ ಕೇಳಿದರು: "ನೀಲಿ ಬಣ್ಣದಾಗ ಏನರೆ ಅದ ಏನ್ರಿ ಸೇಠಜಿ?"

ಸೇಠಜಿ ಅತ್ತಿತ್ತ ನೋಡಿ, ದುಡ್ಡಿನ ಗಲ್ಲೆಯ ಮೇಲಿಂದ ಬಾಗಿ, ಗುಟ್ಟಿನಲ್ಲಿ, "ಬಾಯಿಯವರ, ಈ ಬಣ್ಣ ಹ್ಯಾಂಗ ತೆಗೀತೀರಿ? ಮನಿ ಮಂದಿ ಎಲ್ಲಾ ನಗಾಕತ್ತಾರ" ಎಂದರು.

"ತೆಗೀಬ್ಯಾಡ್ರಿ. ನಾ ಸಣ್ಣಾಕಿ ಇದ್ದಾಗಿನಿಂದ ಹಚ್ಚಾಕತ್ತೇನಿ. ಮಂದಿ ನಕ್ಕು ನಕ್ಕು ತಾವೇ ಸುಮ್ಮನಾಗ್ತಾರ."

ಸೇಠಜಿಯ ಮುಖ ಬದಲಾಯಿತು. ಮರುದಿನ ದೊಡ್ಡಬಾಯಿಯ ಬಳಿ ಬಂದು ತಮ್ಮ ತಕರಾರು ಹಿಂದಕ್ಕೆ ತೆಗೆದುಕೊಂಡರು. ಮಧ್ಯಾಹ್ನ ಬಾಯಿ ಎಲ್ಲರೆದುರು ಕೊಡದಿಂದ ನೀರು ಮೊಗೆದು, ಮಕ್ಕಳಿಗೆ ಕೊಟ್ಟು, ತಾವೂ ಕುಡಿದರು. ನಾನು ಮೆಲ್ಲಗೆ ಕೇಳಿದೆ, "ಸೇಠಜಿ ಬಾಯಾಗ ಅದು ಅದ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ನನಗೇನು ಗೊತ್ತು? ಹೊಟ್ಟಿಕಿಚ್ಚಿಗೆ ಅಂದೆ. ಎಲ್ಲರೂ ಒಂದ ಸಲ ಬಾಯಿ ತಗದು ಕೂಡ್ಲಿ, ಹ್ಯಾಂಗ ಅನಸ್ತದ ನೋಡ್ಲಿ ಅಂತ. ಉಳದದ್ದು ದೇವರ ಕಿತಾಪತಿ."

ಒಂದು ಸಂಗತಿ ಹೇಳುವುದು ಉಳಿದಿದೆ. ಅದು ಅವರ ಊಟದ್ದು. ಬಾಯೊಳಗೆ ಸದಾ ಹಸಿಗಾಯ ಇದ್ದ ಹಾಗೆ ಇರುತ್ತಿದ್ದುದರಿಂದ ಖಾರ ಎನ್ನುವುದನ್ನು ಅವರು ಜನ್ಮದಲ್ಲಿ ಮುಟ್ಟಿರಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ, ಹಾಲು ಅನ್ನ, ಇಷ್ಟೇ. ನಮ್ಮ ಮನೆಗೆ ಬಂದಾಗಲೂ ಅಷ್ಟೇ. ಇದು ನಮ್ಮ ಅತ್ತೆಗೆ ದೊಡ್ಡ ಅವಮಾನ. ಹಣ್ಣು ಮೆಣಸಿನಕಾಯಿ ರುಬ್ಬಿ ಅವರು ಮಾಡುವ ರಂಜಕ ನಮ್ಮ ಓಣಿಯಲ್ಲೇ ಹೆಸರುವಾಸಿ. ಅದನ್ನು ತಿಂದವರ ಕಣ್ಣಲ್ಲಿ ನೀರು ಬಂದರೆ ಅತ್ತೆಗೆ ಅದೇ ಬಹುಮಾನ. "ನಿಮ್ಮ ಬಾಯಿ ನನ್ನ ಅಡಿಗಿ ಮುಟ್ಟಂಗಿಲ್ಲ, ಭಾಳ ಸೊಕ್ಕು" ಎಂದು ಹಿಂದಿನಿಂದ ಗೊಣಗುತ್ತಿದ್ದರು. ರೋಗ ಎಂದು ನಾನು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಆ ಡಾಕ್ಟರು, ಆಗ ಅವರಿಗೂ ತಲೆ ನರೆಯತೊಡಗಿತ್ತು, ಹೈದರಾಬಾದಿನಿಂದ ಹೊಸ ಗುಳಿಗೆ ತರಿಸಿಕೊಟ್ಟರು. ಹಚ್ಚುವುದಲ್ಲ, ನುಂಗುವುದು. ಟಿ ಕಣಗಳನ್ನು ಎಚ್ಚರಿಸುವ ಶಕ್ತಿ ಇದಕ್ಕಿಲ್ಲ, ಆದರೆ ಅವುಗಳ ಕೆಲಸವನ್ನು ಇದು ಮಾಡೀತು ಎಂದರು. ಕೆಲವು ವಾರಗಳಲ್ಲಿ ಬಿಳಿಯ ಪದರ ಸರಿಯಿತು. ಉಗುರುಗಳು ಬುಡದಿಂದ ಹೊಸದಾಗಿ, ತೆಳ್ಳಗೆ, ಗುಲಾಬಿ ಬಣ್ಣದಲ್ಲಿ ಹುಟ್ಟಿಬಂದವು. ಅವರು ಪಾಠದ ನಡುವೆ ನಿಲ್ಲಿಸಿ ಅವನ್ನು ನೋಡಿಕೊಳ್ಳುತ್ತಿದ್ದರು. ಆ ಗುಳಿಗೆ ಬಹಳ ಕಾಲ ನಡೆಯಲಿಲ್ಲ. ಮುಂದೆ ಕಣ್ಣು ಹಳದಿಯಾಗಿ, ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುತ್ತಿದೆ ಎಂದು ಡಾಕ್ಟರೇ ನಿಲ್ಲಿಸಿದರು. ಬಿಳಿ ಪದರ ಮರಳಿ ಬಂತು, ನೀಲಿ ಸೀಸೆಯೂ ಮರಳಿ ಬಂತು. ಆದರೆ ನಾನು ಹೇಳಬೇಕೆಂದಿರುವುದು ನಡುವಿನ ಆ ಒಳ್ಳೆಯ ದಿನಗಳ ಒಂದು ಭಾನುವಾರದ್ದು.

ಬಾಯಿ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, "ಅತ್ತಿಯವರ, ಇವತ್ತ ನನಗ ರಂಜಕ ಹಾಕ್ರಿ" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಬಿಸಿ ಜೋಳದ ರೊಟ್ಟಿಯ ಮೇಲೆ ಅತ್ತೆ ಚಮಚದ ತುದಿಯಲ್ಲಿ ಒಂದಿಷ್ಟೇ ಇಟ್ಟರು. ಬಾಯಿ ಮುರಿದರು, ಒತ್ತಿದರು, ಬಾಯಿಗಿಟ್ಟುಕೊಂಡರು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮುಖ ಕೆಂಪೇರಿತು, ಕಿವಿ ಕೆಂಪೇರಿತು, ಕಣ್ಣು ಮೂಗು ಎರಡರಿಂದಲೂ ಧಾರೆ. ನಾನು ಮಜ್ಜಿಗೆಯ ತಂಬಿಗೆ ಹಿಡಿದು ಓಡಿದೆ. ಅವರು ಅದನ್ನು ಕೈಯಿಂದ ದೂರ ತಳ್ಳಿದರು. ಜನ್ಮದಲ್ಲಿ ಮೊದಲ ಸಲ ನಮ್ಮ ಅತ್ತೆ ತಮ್ಮ ಅಡುಗೆಗೆ ತಾವೇ ಹೆದರಿ, "ಖಾರ ಜಾಸ್ತಿ ಆತೇನವ್ವಾ?" ಎಂದು ಅವರ ಬೆನ್ನು ಸವರತೊಡಗಿದರು.

ಬಾಯಿ ಬಿಕ್ಕಳಿಸುತ್ತ ಸೆರಗಿನಿಂದ ಮೂಗು ಒರೆಸಿಕೊಂಡರು. "ಇಷ್ಟ ದಿನ ಓಣಿ ಮಂದಿನ್ನೆಲ್ಲಾ ಅಳಸ್ತಿದ್ರಿ. ನನ್ನೊಬ್ಬಾಕಿನ್ನ ಯಾಕ ಬಿಟ್ಟಿದ್ರಿ, ಅತ್ತಿ?"

ಅತ್ತೆ ಕಣ್ಣು ತುಂಬಿ, ಇನ್ನೊಂದು ರೊಟ್ಟಿ ತಟ್ಟುತ್ತೇನೆಂದು ಒಲೆಯ ಕಡೆ ತಿರುಗಿದರು.

"ರೊಟ್ಟಿ ಆಮ್ಯಾಲ ತಟ್ಟಿರಂತ," ಎಂದು ಬಾಯಿ ಹೊಸ್ತಿಲಿನಿಂದಲೇ ಕೂಗಿದರು. "ಮೊದಲ ಆ ರಂಜಕದ ಭರಣಿ ಇತ್ತ ಕೊಡ್ರಿ!"